ಹನಿ ಬಿದ್ದಲ್ಲಿ ತೂತಿಲ್ಲ: ಕಾರಿನಡಿಯ ಆಯಿಲ್ ಲೀಕಿನ ಮೂಲ ಹುಡುಕುವ ಕ್ರಮ

ಹಂಚಿನ ಮಾಡು ಸೋರುವಾಗ ಹನಿ ಬೀಳುವ ಜಾಗದ ನೇರ ಮೇಲೆ ಒಡೆದ ಹಂಚು ಸಿಗುವುದು ಅಪರೂಪ. ನೀರು ಎಲ್ಲೋ ಮೇಲೆ ಒಳನುಗ್ಗಿ, ಪಕ್ಕಾಸಿನ ಗುಂಟ ಇಳಿದು, ರೀಪಿನ ಹತ್ತಿರ ತಡೆದು ನಿಂತು, ಅಲ್ಲಿಂದ ತೊಟ್ಟಿಕ್ಕುತ್ತದೆ. ಮಾಡು ಹತ್ತುವವರು ಪಕ್ಕಾಸಿನ ಮೇಲಿನ ಒದ್ದೆ ಗೆರೆಯನ್ನೇ ಹಿಡಿದು ಮೇಲೆ ಹೋಗುತ್ತಾರೆ. ಕಾರಿನ ಆಯಿಲ್ ಲೀಕಿಗೂ ಇದೇ ಉಪಾಯ. ಟ್ಯಾಪೆಟ್ ಕವರಿನ (ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದ) ಮೂಲೆಯಲ್ಲಿ ಜಿನುಗಿದ ಆಯಿಲ್ ಎಂಜಿನ್ ಬೆನ್ನಿನ ಮೇಲೆ ಇಳಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಗೇರ್‌ಬಾಕ್ಸಿನ ಅಡಿಯಿಂದ ಬೀಳುತ್ತದೆ. ಹನಿ ಕಂಡಲ್ಲೇ ದೋಷ ಎಂದು ತೀರ್ಮಾನಿಸಿ ಗೇರ್‌ಬಾಕ್ಸ್ ಇಳಿಸಿದರೆ ಕೂಲಿಯೂ ದಂಡ, ಲೀಕೂ ಹಾಗೇ.

ಮೊದಲು, ಅದು ಆಯಿಲ್ ಹೌದೋ ಅಲ್ಲವೋ

ಮಂಗಳೂರು, ಉಡುಪಿಯ ಸೆಕೆಯಲ್ಲಿ ಕಾರಿನಡಿ ಕಾಣುವ ಒದ್ದೆಯಲ್ಲಿ ದೊಡ್ಡ ಪಾಲು ಎಸಿಯ ನೀರು. ಗ್ಲವ್ ಬಾಕ್ಸ್ ಹಿಂದಿನ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ, ಡ್ರೈನ್ ಪೈಪಿನಲ್ಲಿ ಹೊರಬರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಬೀಳುವುದು ಎಡಗಡೆ ಮುಂದಿನ ಸೀಟಿನ ಕಾಲಿಡುವ ಜಾಗದ ಅಡಿಗೆ. ಬಣ್ಣ, ವಾಸನೆ, ಜಿಡ್ಡು ಮೂರೂ ಇಲ್ಲದಿದ್ದರೆ ಸುಮ್ಮನಿರಿ. ನಿಜಕ್ಕೂ ಚಿಂತೆ ಮಾಡಬೇಕಾದದ್ದು ಎಸಿ ಹಾಕಿದರೂ ಆ ನೀರು ಬೀಳದಿದ್ದಾಗ: ಪೈಪ್ ಕಟ್ಟಿಕೊಂಡಿದ್ದರೆ ನೀರು ಒಳಗಿನ ಕಾರ್ಪೆಟ್ಟಿಗೆ ಇಳಿಯುತ್ತದೆ.

ಇನ್ನೊಂದು ಮೋಸ ಕರಾವಳಿಯದ್ದೇ. ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲಿ ಎಂದು ಮಳೆಗಾಲದ ಮೊದಲು ಅಡಿಗೆ ಕಪ್ಪು ಕೋಟಿಂಗ್ ಹೊಡೆಸುವವರು ಬಹಳ ಜನ. ಹೊಸ ಕೋಟಿಂಗ್ ಬಿಸಿಲಿಗೂ ಸೈಲೆನ್ಸರಿನ ಕಾವಿಗೂ ಕರಗಿ ಅಲ್ಲಲ್ಲಿ ಕಪ್ಪು ಹನಿ ಬೀಳಿಸುತ್ತದೆ. ಬೆರಳಿಗೆ ಅಂಟಂಟಾಗಿ, ಡಾಮರಿನ ವಾಸನೆ ಬಂದರೆ ಅದು ಕೋಟಿಂಗ್. ಆಯಿಲ್ ಬೆರಳುಗಳ ನಡುವೆ ಜಾರುತ್ತದೆ, ಎಳೆ ಬರುವುದಿಲ್ಲ.

ಉಳಿದವನ್ನು ಬಿಳಿ ಟಿಶ್ಯೂ ಕಾಗದದಲ್ಲಿ ಒತ್ತಿ ನೋಡಿ. ಎಂಜಿನ್ ಆಯಿಲ್ ಹೊಸದಿದ್ದಾಗ ಜೇನಿನ ಬಣ್ಣ, ಹಳತಾದಂತೆ ಜೋನಿ ಬೆಲ್ಲದ ಬಣ್ಣ, ಆಮೇಲೆ ಕಪ್ಪು. ಡೀಸೆಲ್ ಕಾರಿನಲ್ಲಿ ಬದಲಾಯಿಸಿದ ಕೆಲವೇ ನೂರು ಕಿಲೋಮೀಟರಿನೊಳಗೆ ಕಪ್ಪಾಗುತ್ತದೆ, ಅದು ದೋಷವಲ್ಲ. ಗೇರ್ ಆಯಿಲ್ ಹೆಚ್ಚು ದಪ್ಪ. ಗಂಧಕ ಸೇರಿರುವುದರಿಂದ ಸುಟ್ಟ ಪಟಾಕಿಯಂಥ ಗಾಟು ವಾಸನೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನದ್ದು ಮತ್ತು ಹಳೆ ಹೈಡ್ರಾಲಿಕ್ ಪವರ್ ಸ್ಟೀರಿಂಗಿನದ್ದು ಸಾಮಾನ್ಯವಾಗಿ ಕೆಂಪು. ಈಗಿನ ಹೆಚ್ಚಿನ ಸಣ್ಣ ಕಾರುಗಳ ಸ್ಟೀರಿಂಗ್ ಕರೆಂಟಿನದ್ದು, ಅದರಲ್ಲಿ ಆಯಿಲ್ಲೇ ಇಲ್ಲ. ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಹಸಿರು, ಗುಲಾಬಿ ಅಥವಾ ನೀಲಿ, ಸಿಹಿ ವಾಸನೆ.

ಬ್ರೇಕ್ ಆಯಿಲನ್ನು ಮಾತ್ರ ತಪ್ಪದೆ ಗುರುತಿಸಬೇಕು. ತೆಳ್ಳಗೆ, ತಿಳಿ ಹಳದಿ, ಚಕ್ರದ ಒಳಬದಿಯಲ್ಲೋ ಬ್ರೇಕ್ ಪೆಡಲಿನ ನೇರಕ್ಕೋ ಕಾಣುತ್ತದೆ. ಅನುಮಾನವಿದ್ದರೆ ಸ್ಟೀಲ್ ಬಟ್ಟಲಿನ ನೀರಿಗೆ ಒಂದು ಹನಿ ಹಾಕಿ. ಎಂಜಿನ್ ಆಯಿಲ್, ಗೇರ್ ಆಯಿಲ್ ತೇಲಿ ಕಾಮನಬಿಲ್ಲಿನ ಬಣ್ಣ ಬಿಡುತ್ತವೆ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಕಾಣೆಯಾಗುತ್ತದೆ. ಹಾಗೆ ಬೆರೆತರೆ ಆ ಕಾರನ್ನು ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಪೆಟ್ರೋಲ್ ವಾಸನೆ ಬಂದರೂ ಅಷ್ಟೇ, ಸ್ಟಾರ್ಟ್ ಕೂಡ ಮಾಡಬೇಡಿ.

ಒಂದು ರಾತ್ರಿ ರಟ್ಟು ಹಾಸಿ

ಫ್ರಿಜ್ಜಿನದ್ದೋ ವಾಷಿಂಗ್ ಮೆಷಿನ್ನಿನದ್ದೋ ರಟ್ಟಿನ ಪೆಟ್ಟಿಗೆ ಬಿಡಿಸಿ, ಕಾರಿನ ಮೂತಿಯಿಂದ ಮುಂದಿನ ಸೀಟಿನ ತನಕ ಬರುವಂತೆ ಅಡಿಗೆ ತಳ್ಳಿ. ಕಾರು ಸಮತಟ್ಟಿನಲ್ಲಿರಬೇಕು. ಏರು ಅಂಗಳದಲ್ಲಿ ನಿಲ್ಲಿಸಿದರೆ ಹನಿ ಇಳಿಜಾರಿನ ಕಡೆಗೆ ಜಾರಿ ಸುಳ್ಳು ಹೇಳುತ್ತದೆ. ಮಂಗಳೂರಿನ ಕದ್ರಿ, ಬಿಜೈ ಕಡೆಯ ಏರು ರ‍್ಯಾಂಪಿನ ಮನೆಗಳಲ್ಲಿ ಇದನ್ನು ಮರೆಯಬಾರದು. ಕಾರು ನಿಲ್ಲಿಸುವ ಮೊದಲು 10–15 ಕಿ.ಮೀ. ಓಡಿಸಿರಿ. ಬಿಸಿಯಾದ ಆಯಿಲ್ ತೆಳ್ಳಗಾಗಿ ಸಣ್ಣ ಸಂದಿಯಿಂದಲೂ ಬರುತ್ತದೆ, ತಣ್ಣಗಿರುವ ಎಂಜಿನ್ ಏನೂ ತೋರಿಸದೆ ಇರಬಹುದು.

ರಟ್ಟಿನ ಮೇಲೆ ಮುಂದಿನ ಎರಡು ಚಕ್ರಗಳ ಜಾಗ, ಮೂತಿಯ ದಿಕ್ಕು, ತಾರೀಕು ಬರೆಯಿರಿ. ಬೆಳಿಗ್ಗೆ ಎಳೆದು ತೆಗೆದರೆ ಕೈಯಲ್ಲಿ ಒಂದು ನಕ್ಷೆ ಇರುತ್ತದೆ. ಮಾರುತಿ, ಹುಂಡೈಯಂಥ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಚಾಲಕನ ಬದಿಗೆ, ಗೇರ್‌ಬಾಕ್ಸ್ ಎಡಬದಿಗೆ. ಓಮ್ನಿ, ಈಕೋದಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಗೇ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಬೊಲೆರೊದಂಥ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳ ನಟ್ಟನಡುವೆ ಹನಿ ಕಂಡರೆ ಅದು ಡಿಫರೆನ್ಷಿಯಲ್‌ನದ್ದು, ಅಂದರೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆಯದ್ದು. ಎಂಜಿನ್ನಿನಡಿ ಪ್ಲಾಸ್ಟಿಕ್ ಗಾರ್ಡ್ ಇದ್ದರೆ ಈ ನಕ್ಷೆಯನ್ನು ಪೂರ್ತಿ ನಂಬಬೇಡಿ. ಆಯಿಲ್ ಗಾರ್ಡಿನೊಳಗೆ ತುಂಬಿ, ಎಲ್ಲಿ ತೂತಿದೆಯೋ ಅಲ್ಲಿಂದ ಸುರಿಯುತ್ತದೆ.

ಮಳೆಗಾಲದಲ್ಲಿ ಬಯಲಲ್ಲಿ ಈ ಪರೀಕ್ಷೆ ನಡೆಯದು, ಶೀಟಿನಡಿ ಮಾಡಿ. ಮಳೆನೀರಿನ ಮೇಲೆ ಒಂದೇ ಹನಿ ಮೊರದಗಲ ಹರಡಿ ಬಣ್ಣ ತೋರಿಸುತ್ತದೆ, ಅದನ್ನು ಕಂಡು ಹೆದರುವುದು ಬೇಡ. ಸಂತೆ, ರೈಲ್ವೆ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಕಂಡ ಕಲೆ ನಿಮಗಿಂತ ಮೊದಲು ನಿಂತವರದ್ದೂ ಆಗಿರಬಹುದು.

ಡಿಪ್‌ಸ್ಟಿಕ್ ಏನು ಹೇಳುತ್ತದೆ

ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ 10 ನಿಮಿಷ ಬಿಟ್ಟು, ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದು ನೋಡಿ. ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸಾಮಾನ್ಯವಾಗಿ ಸುಮಾರು 1 ಲೀಟರ್. ಸಣ್ಣ ಪೆಟ್ರೋಲ್ ಎಂಜಿನ್ನಿನ ಒಟ್ಟು ಆಯಿಲ್ಲೇ 3ರಿಂದ 3.5 ಲೀಟರ್ ಎಂದಮೇಲೆ ಕೆಳಗಿನ ಗುರುತಿಗಿಂತಲೂ ಇಳಿದರೆ ಎಷ್ಟು ಅಪಾಯ ಎಂದು ಲೆಕ್ಕ ಹಾಕಿ. ಓಡೋಮೀಟರಿನ ಅಂಕಿಯನ್ನೂ ಬರೆದಿಟ್ಟು 500 ಕಿ.ಮೀ.ಗೊಮ್ಮೆ ನೋಡಿ.

ರಟ್ಟಿನ ಮೇಲಿನ ಹನಿ ಎಣಿಸಿ ನೆಮ್ಮದಿಯಾಗುವುದೂ ತಪ್ಪು. ರಾತ್ರಿಗೆ 10 ಹನಿ ಎಂದರೆ ಅರ್ಧ ಮಿಲಿಲೀಟರಿನ ಆಸುಪಾಸು, ತಿಂಗಳಿಗೆ ಸುಮಾರು 15. ಅದು ಕಡ್ಡಿಯಲ್ಲಿ ಗೊತ್ತೇ ಆಗದು. ಆದರೆ ಆಯಿಲ್ ಪ್ರೆಶರ್ ಸ್ವಿಚ್ (ಆಯಿಲಿನ ಒತ್ತಡ ಇಳಿದರೆ ಕೆಂಪು ದೀಪ ಹೊತ್ತಿಸುವಂಥದ್ದು), ಫಿಲ್ಟರಿನಂಥ ಜಾಗಗಳಲ್ಲಿ ಒತ್ತಡ ಇರುವುದು ಎಂಜಿನ್ ಓಡುವಾಗ ಮಾತ್ರ. ನಿಂತಾಗ ಎರಡು ಹನಿ ಬೀಳಿಸುವ ಸ್ವಿಚ್ ಶಿರಾಡಿ ಘಾಟಿ ಹತ್ತುವಾಗ ಧಾರಾಳವಾಗಿ ಸುರಿಸುತ್ತಿರಬಹುದು. ನೆಲದಲ್ಲಿ ಹನಿ ಕಡಿಮೆ, ಕಡ್ಡಿಯಲ್ಲಿ ಇಳಿತ ಹೆಚ್ಚು ಎಂದಾದರೆ ಒಂದೋ ಒತ್ತಡದ ಲೀಕು, ಇಲ್ಲವೇ ಆಯಿಲ್ ಒಳಗೇ ಉರಿಯುತ್ತಿದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆಯೋ ನೋಡಿ. ಕಡ್ಡಿಯ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಕೂಲೆಂಟ್ ಒಳಗೆ ಸೇರಿದೆ, ಅದು ಬೇರೆಯೇ ಕಥೆ, ಗಾಡಿ ನಿಲ್ಲಿಸಿ.

ಮೇಲಿನ ಗುರುತು ದಾಟಿ ಆಯಿಲ್ ತುಂಬಿದ್ದರೂ ಲೀಕು ಶುರುವಾಗುತ್ತದೆ. ಸರ್ವಿಸ್ ಆದ ವಾರದಲ್ಲೇ ಹನಿ ಕಂಡರೆ ಮೊದಲು ನೋಡಬೇಕಾದ್ದು ಇದನ್ನು, ಆಮೇಲೆ ಡ್ರೈನ್ ಬೋಲ್ಟು, ಫಿಲ್ಟರು, ಮೇಲಿನ ಮುಚ್ಚಳ.

ಅಡಿಗೆ ನುಸುಳುವ ಮೊದಲು

ಕಾರಿನೊಂದಿಗೆ ಬರುವ ಜಾಕ್ ಚಕ್ರ ಬದಲಿಸಲಿಕ್ಕೆ ಮಾತ್ರ. ಅದರ ಭರವಸೆಯಲ್ಲಿ ಅಡಿಗೆ ಮಲಗಬಾರದು. ನಮ್ಮೂರಿನಲ್ಲಿ ಕೈಗೆ ಸುಲಭವಾಗಿ ಸಿಗುವುದು ಮುರಕಲ್ಲು. ಅದನ್ನೇ ಪೇರಿಸಿ ಕಾರು ನಿಲ್ಲಿಸುವವರಿದ್ದಾರೆ. ಮುರಕಲ್ಲಿನ ಮೈತುಂಬ ತೂತು, ನೀರು ಕುಡಿದಾಗ ಇನ್ನೂ ಮೆತ್ತಗೆ, ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಸೀಳುತ್ತದೆ. ಹಾಲೋ ಬ್ಲಾಕೂ ಬೇಡ. ಎರಡು ಜಾಕ್ ಸ್ಟ್ಯಾಂಡ್ ಬೇಕು, ಮಣ್ಣಿನಂಗಳವಾದರೆ ಅವುಗಳಡಿಗೆ ದಪ್ಪ ಹಲಗೆ, ಹಿಂದಿನ ಚಕ್ರಕ್ಕೆ ಮರದ ಅಡ್ಡ, ಹ್ಯಾಂಡ್‌ಬ್ರೇಕ್. ಇಷ್ಟೆಲ್ಲ ಆಗದಿದ್ದರೆ ವಾಟರ್ ಸರ್ವಿಸ್‌ನವರ ಲಿಫ್ಟಿನಲ್ಲೋ ಪಿಟ್ಟಿನ ಮೇಲೋ ಹತ್ತು ನಿಮಿಷ ನಿಲ್ಲಿಸಿಕೊಂಡು ನೋಡುವುದೇ ಸರಿ.

ತೊಳೆಯದೆ ಹುಡುಕಬೇಡಿ

ವರ್ಷಗಳ ಆಯಿಲ್, ಕೆಂಪು ಮಣ್ಣು, ರಸ್ತೆಯ ಕೆಸರು ಸೇರಿ ಎಂಜಿನ್ನಿನ ಹೊಟ್ಟೆಯಲ್ಲಿ ಹೆಪ್ಪುಗಟ್ಟಿರುತ್ತದೆ. ಅದರಲ್ಲಿ ಹೊಸ ಲೀಕು ಯಾವುದು ಎಂದು ಯಾರಿಗೂ ಹೇಳಲಾಗದು. ಎಂಜಿನ್ ತಣ್ಣಗಾದ ಮೇಲೆ ಅಡಿಯ ಗಾರ್ಡ್ ಬಿಚ್ಚಿ (ಹೆಚ್ಚಾಗಿ 10 ಎಂಎಂ ಬೋಲ್ಟು ಮತ್ತು ಪ್ಲಾಸ್ಟಿಕ್ ಕ್ಲಿಪ್ಪು), ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿ, ವಯರ್ ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಕಟ್ಟಿ. ಎಂಜಿನ್ ಡಿಗ್ರೀಸರ್ ಹೊಡೆದು, 10 ನಿಮಿಷ ಬಿಟ್ಟು, ಬ್ರಷ್ಷಿನಿಂದ ಉಜ್ಜಿ, ಮೆಲ್ಲಗೆ ನೀರು ಹಾಯಿಸಿ. ಜೋರು ಪ್ರೆಶರಿನ ನೀರು ಎಂಜಿನ್ ಮೇಲ್ಭಾಗಕ್ಕೆ ಬೇಡ. ಸ್ಪಾರ್ಕ್ ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಂತರೆ ಇನ್ನೊಂದು ತಾಪತ್ರಯ. ಪೆಟ್ರೋಲಿನಲ್ಲಿ ಎಂದೂ ತೊಳೆಯಬಾರದು.

ವಾಟರ್ ಸರ್ವಿಸ್‌ಗೆ ಕೊಟ್ಟರೆ ಒಂದು ಮಾತು ಹೇಳಿ: ‘ಡೀಸೆಲ್ ಸ್ಪ್ರೇ ಬೇಡ.’ ಅಡಿಯೆಲ್ಲ ಮಿರಮಿರ ಹೊಳೆಯಲೆಂದು ಡೀಸೆಲ್ ಹೊಡೆಯುವ ರೂಢಿ ಉಂಟು. ಆ ಜಿಡ್ಡು ಪದರದ ಮೇಲೆ ಹೊಸ ಲೀಕು ಕಾಣುವುದೇ ಇಲ್ಲ. ಜೊತೆಗೆ ಡೀಸೆಲ್ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ.

ಒಣಗಿದ ಮೇಲೆ ಪೌಡರ್. ಸಾದಾ ಟಾಲ್ಕಮ್ ಪೌಡರನ್ನು ಹಳೆ ಕಾಲುಚೀಲಕ್ಕೆ ತುಂಬಿ, ಸಂಶಯವಿರುವ ಕಡೆಗಳಿಗೆಲ್ಲ ತಟ್ಟಿ: ಟ್ಯಾಪೆಟ್ ಕವರಿನ ಅಂಚು, ಫಿಲ್ಟರಿನ ಬುಡ, ಎಂಜಿನ್–ಗೇರ್‌ಬಾಕ್ಸ್ ಕೂಡುವ ಗೆರೆ, ಚೇಂಬರಿನ (ಎಂಜಿನ್ನಿನಡಿಯ ಆಯಿಲ್ ತೊಟ್ಟಿಯ) ಸುತ್ತ. 15 ನಿಮಿಷ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿ ಪದರದ ಮೇಲೆ ಕೂದಲೆಳೆಯಂಥ ಒಂದು ಕಂದು ಗೆರೆ ಮೂಡಿರುತ್ತದೆ. ಕೆಳತುದಿಯಲ್ಲಿ ಅದು ಅಗಲ, ಮೇಲೆ ಹೋದಂತೆ ಸಪೂರ; ಸಪೂರ ತುದಿ ಮುಗಿಯುವಲ್ಲಿ ಪೌಡರ್ ಒದ್ದೆಯಾಗಿ ಮುದ್ದೆಗಟ್ಟಿದ್ದರೆ ಅದೇ ಮೂಲ. ನೆನಪಿಡಬೇಕಾದ ನಿಯಮ ಒಂದೇ: ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು ಮತ್ತು ಅತಿ ಮುಂದಿನದು.

ಪೌಡರಿಗೂ ಸಿಕ್ಕದ ನಿಧಾನದ ಲೀಕಿಗೆ ಯುವಿ ಡೈ, ಅಂದರೆ ಅತಿನೇರಳೆ ಬೆಳಕಿಗೆ ಹೊಳೆಯುವ ಬಣ್ಣ. ಆಯಿಲ್‌ಗೆ ಬೆರೆಸುವ ಬಗೆಯದ್ದನ್ನೇ ಕೇಳಿ ತನ್ನಿ, ಪ್ರಮಾಣ ಬಾಟಲಿಯಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ 4 ಲೀಟರ್ ಆಯಿಲ್‌ಗೆ 30 ಮಿ.ಲೀ. ಆಸುಪಾಸು. ಎರಡು ದಿನ ಮಾಮೂಲಿನಂತೆ ಓಡಿಸಿ, ಕತ್ತಲಾದ ಮೇಲೆ ಯುವಿ ಟಾರ್ಚ್ ಹಾಯಿಸಿದರೆ ಲೀಕಿನ ದಾರಿ ಹಳದಿ ಹಸಿರಾಗಿ ಹೊಳೆಯುತ್ತದೆ. ಕೆಲವು ಕೂಲೆಂಟುಗಳೂ ಹೀಗೇ ಹೊಳೆಯುತ್ತವೆ, ಹಾಗಾಗಿ ಡೈ ಹಾಕುವ ಮೊದಲೊಮ್ಮೆ ಟಾರ್ಚ್ ಹಿಡಿದು ನೋಡಿಟ್ಟುಕೊಳ್ಳಿ.

ಮೇಲಿನಿಂದ ಕೆಳಗೆ, ಅಗ್ಗದ್ದರಿಂದ ದುಬಾರಿಗೆ

ಆಯಿಲ್ ತುಂಬುವ ಮುಚ್ಚಳದ ರಬ್ಬರ್ ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೋ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಅದರ ಕೆಳಗೆ ಟ್ಯಾಪೆಟ್ ಕವರ್ ಪ್ಯಾಕಿಂಗ್. ಹಳೆ ಕಾರುಗಳ ಲೀಕಿನಲ್ಲಿ ಮೊದಲ ಆರೋಪಿ ಇದೇ. ಬಿಸಿಗೆ ರಬ್ಬರ್ ಬೆಂದು ಪ್ಲಾಸ್ಟಿಕ್ಕಿನಂತಾಗುತ್ತದೆ. ಆಯಿಲ್ ಸೈಲೆನ್ಸರಿನ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಸಿಗ್ನಲಿನಲ್ಲಿ ನಿಂತಾಗ ಒಳಗೆ ಸುಟ್ಟ ವಾಸನೆ ಬರುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳದಿರಬಹುದು. ಪೆಟ್ರೋಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಮೇಲಿನ ಇಗ್ನಿಷನ್ ಕಾಯಿಲ್ ಎಳೆದು ಪ್ಲಗ್ಗಿನ ಗುಂಡಿ ನೋಡಿ; ಅಲ್ಲಿ ಆಯಿಲ್ ನಿಂತಿದ್ದರೆ ಪ್ಯಾಕಿಂಗಿನ ಜೊತೆ ಪ್ಲಗ್ಗಿನ ಸುತ್ತಲಿನ ಸೀಲನ್ನೂ ಬದಲಿಸಬೇಕು. ಬೋಲ್ಟು ಬಿಗಿದು ಲೀಕು ನಿಲ್ಲಿಸುವ ಆಸೆ ಬೇಡ. ಇವುಗಳ ಬಿಗಿತ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸು, ಮಣಿಕಟ್ಟಿನ ಬಲ ಮಾತ್ರ. ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಕವರ್ ಬಾಗಿ ಇನ್ನೊಂದು ಕಡೆ ಸೋರುತ್ತದೆ.

ಆಯಿಲ್ ಪ್ರೆಶರ್ ಸ್ವಿಚ್ ಹೆಬ್ಬೆರಳಿನಷ್ಟು ಗಾತ್ರದ್ದು, ಸಾಮಾನ್ಯವಾಗಿ ಒಂದೇ ವಯರು, ಹೆಚ್ಚಾಗಿ ಫಿಲ್ಟರಿನ ಹತ್ತಿರ. ವಯರಿನ ಸಾಕೆಟ್ ಎಳೆದು ನೋಡಿ. ಒಳಗೆ ಆಯಿಲ್ ಇದ್ದರೆ ಸ್ವಿಚ್ಚಿನೊಳಗಿನ ಪದರ ಹರಿದಿದೆ, ಹೊಸದೇ ಬೇಕು. ಅದರ ಪಕ್ಕದ ಫಿಲ್ಟರಿನಲ್ಲಿ ನಡೆಯುವ ತಪ್ಪು ಬಹಳ ಸಾದಾ: ಹಳೆ ಫಿಲ್ಟರಿನ ರಬ್ಬರ್ ಎಂಜಿನ್ನಿಗೇ ಅಂಟಿ ಉಳಿದು, ಅದರ ಮೇಲೆ ಹೊಸದು ಕೂರುತ್ತದೆ. ಎರಡು ರಬ್ಬರ್ ಸೇರಿದರೆ ಒಂದು ದಿನ ಇದ್ದಕ್ಕಿದ್ದಂತೆ ಆಯಿಲ್ಲೆಲ್ಲ ಹೊರಗೆ. ಹೊಸ ರಬ್ಬರಿಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು.

ಬೆಲ್ಟಿನ ಬದಿಗೆ ಬಂದರೆ ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸೀಲು. ಪುಲ್ಲಿ ತಿರುಗುವ ರಭಸಕ್ಕೆ ಆಯಿಲ್ ಸುತ್ತಲೂ ಎರಚಿ ವೃತ್ತಾಕಾರದ ಪಟ್ಟಿ ಬಿದ್ದಿರುತ್ತದೆ, ಬೆಲ್ಟೂ ಒದ್ದೆ. ಆ ಪಟ್ಟಿ ಕಂಡರೆ ಬೇರೆ ಸಾಕ್ಷಿ ಬೇಡ.

ಇನ್ನು ಚೇಂಬರ್. ಗ್ಯಾರೇಜಿನಲ್ಲಿ ಆಯಿಲ್ ಸಂಪಿಗೆ ಹೇಳುವ ಹೆಸರು ಇದು. ನಮ್ಮ ಕಡೆ ಇದಕ್ಕೆ ಎರಡು ಶತ್ರು: ಹಂಪು ಮತ್ತು ಉಪ್ಪು. ರಸ್ತೆಯ ಡಾಮರಿನ ಅಂಚಿಗೆ ತಾಗಿ ನಜ್ಜಾದ ಕಡೆ ಬಣ್ಣ ಹೋಗುತ್ತದೆ, ಕಡಲಬದಿಯ ಗಾಳಿಗೆ ಅಲ್ಲಿಂದಲೇ ತುಕ್ಕು ಶುರು, ಕೊನೆಗೆ ಸೂಜಿಮೊನೆಯ ತೂತು. ಮಲ್ಪೆ, ಉಳ್ಳಾಲದಂಥ ಕಡಲ ಮಗ್ಗುಲಿನಲ್ಲಿ ನಿಲ್ಲುವ ಹಳೆ ಗಾಡಿಗಳ ತಗಡಿನ ಚೇಂಬರನ್ನು ಬೆರಳಿನಿಂದ ಸವರಿ ನೋಡಿ. ಪದರ ಎದ್ದಿದ್ದರೆ ಸ್ಕ್ರೂ ಡ್ರೈವರಿನಿಂದ ಚುಚ್ಚುವ ಸಾಹಸ ಮಾತ್ರ ಬೇಡ, ಅಲ್ಲೇ ಆಯಿಲ್ ಚಿಮ್ಮೀತು. ಎಂ-ಸೀಲ್ ಹಚ್ಚುವುದು ಊರು ಮುಟ್ಟುವ ತನಕದ ಉಪಾಯ. ಚೇಂಬರ್ ಇಳಿಸಿ ಹಾಕುವಾಗ ಸಿಲಿಕಾನ್ ಗಮ್ಮನ್ನು ಸಪೂರ ಗೆರೆಯಾಗಿ ಹಚ್ಚಿಸಿ. ಧಾರಾಳ ಬಳಿದರೆ ಒಳಗೆ ಹಿಂಡಿ ಬಂದ ಗಮ್ಮು ತುಂಡಾಗಿ ಆಯಿಲ್ ಪಂಪಿನ ಜಾಲರಿಯನ್ನು ಕಟ್ಟುತ್ತದೆ, ಲೀಕಿಗಿಂತ ದೊಡ್ಡ ಅನಾಹುತ ಅದು.

ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದಾಗಿರಬೇಕು. ಹಲವು ಸಣ್ಣ ಕಾರುಗಳಲ್ಲಿ ಇದರ ಬಿಗಿತ 30–40 ನ್ಯೂಟನ್ ಮೀಟರ್. ಸರಿಯಾದ ಅಂಕಿ ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲಿ ನೋಡಿ. ಪೈಪ್ ಸೇರಿಸಿದ ಸ್ಪ್ಯಾನರಿನಲ್ಲಿ ಬಿಗಿದು ಥ್ರೆಡ್ ಹೋಗಿದ್ದರೆ ವಾಷರ್ ಬದಲಿಸಿ ಪ್ರಯೋಜನವಿಲ್ಲ.

ಗೇರ್‌ಬಾಕ್ಸ್ ಇಳಿಸುವ ಮಾತು ಬಂದಾಗ

ಎಂಜಿನ್, ಗೇರ್‌ಬಾಕ್ಸ್ ಕೂಡುವಲ್ಲಿಂದ ಹನಿ ಬೀಳುತ್ತಿದ್ದರೆ ‘ಹಿಂದಿನ ಸೀಲು (ಎಂಜಿನ್ನಿನ ಗೇರ್‌ಬಾಕ್ಸ್ ಬದಿಯ ಕ್ರ್ಯಾಂಕ್ ಸೀಲು) ಹೋಗಿದೆ’ ಎಂಬ ತೀರ್ಪು ಬರುವುದು ಸಹಜ. ಸೀಲಿನ ಬೆಲೆ ಅಲ್ಪ, ಕೂಲಿ ಭಾರಿ. ಒಪ್ಪುವ ಮೊದಲು ಎರಡು ಕೆಲಸ ಮಾಡಿಸಿ. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಕೂಡುಗೆರೆಯ ತನಕ ತೊಳೆದು ಪೌಡರ್ ಹಾಕಿ. ಮೇಲೆ ಒಣಗಿಯೇ ಇದ್ದು ಕೆಳಗೆ ಮಾತ್ರ ಒದ್ದೆಯಾದರೆ ಸೀಲಿನ ಅನುಮಾನ ಗಟ್ಟಿ. ಆಮೇಲೆ ಮೂಸಿ ನೋಡಿ. ಅದೇ ಜಾಗದಿಂದ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲಿನ ಆಯಿಲೂ ಬರುತ್ತದೆ, ಅದಕ್ಕೆ ಗಂಧಕದ ವಾಸನೆ. ಏರಿನಲ್ಲಿ ಎಂಜಿನ್ ಕೂಗಿ ಗಾಡಿ ಎಳೆಯದಿದ್ದರೆ ಆಯಿಲ್ ಕ್ಲಚ್ ಪ್ಲೇಟಿಗೂ ತಾಗಿರಬಹುದು. ಹೇಗೂ ಗೇರ್‌ಬಾಕ್ಸ್ ಇಳಿಸುವುದಾದರೆ ಎರಡೂ ಸೀಲು ಬದಲಿಸಿ, ಕ್ಲಚ್ಚನ್ನೂ ನೋಡಿಬಿಡಿ. ಒಂದೇ ಕೂಲಿಯಲ್ಲಿ ಮುಗಿಯುತ್ತದೆ.

ಚಕ್ರದ ಕಡೆಗೆ ಹೋಗುವ ಆಕ್ಸಲ್ ಗೇರ್‌ಬಾಕ್ಸಿನಿಂದ ಹೊರಬರುವಲ್ಲಿ ಒದ್ದೆ ಇದ್ದರೆ ಅದು ಆಕ್ಸಲ್ ಸೀಲು. ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಎರಚಿದ್ದರೆ ಆಕ್ಸಲಿನ ರಬ್ಬರ್ ಬೂಟ್ ಹರಿದಿದೆ. ಶಾಕ್ ಅಬ್ಸಾರ್ಬರ್ ಮೈಯಲ್ಲಿ ಆಯಿಲ್ ಇಳಿದಿದ್ದರೆ ಅದರ ಆಯುಸ್ಸು ಮುಗಿದಿದೆ.

ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ

ಪ್ಯಾಕಿಂಗ್ ಬದಲಿಸಿದ ತಿಂಗಳಲ್ಲೇ ಬೇರೆ ಸೀಲು ಸೋರತೊಡಗಿದರೆ ಪಿಸಿವಿ ವಾಲ್ವ್ ನೋಡಿ. ಪಿಸ್ಟನ್ ಪಕ್ಕದಿಂದ ನುಸುಳುವ ಗಾಳಿಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್ ಅದು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಎಲ್ಲ ಸೀಲುಗಳಿಂದ ಆಯಿಲ್ ತಳ್ಳುತ್ತದೆ. ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಗೆ ತೆಳು ಪ್ಲಾಸ್ಟಿಕ್ ತೊಟ್ಟೆ ಇಡಿ. ಮೆಲ್ಲಗೆ ಒಳಗೆ ಎಳೆದರೆ ಸರಿ. ಉಬ್ಬಿಸಿ ಎಸೆದರೆ ವಾಲ್ವ್ ಕಟ್ಟಿದೆ ಅಥವಾ ಪಿಸ್ಟನ್ ರಿಂಗ್ ಸವೆದಿದೆ. ಡೀಸೆಲ್ಲಿನಲ್ಲಿ ತುಸು ಹೊರಗೆ ಊದುವುದು ಮಾಮೂಲು. ಲೀಕು ನಿಲ್ಲಿಸುವ ಔಷಧಿಯ ಬಾಟಲಿಗಳು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಮೆದು ಮಾಡಬಲ್ಲವು ಅಷ್ಟೆ. ಮೂಲ ಸಿಗುವ ಮೊದಲು ಅದನ್ನು ಹಾಕಬೇಡಿ.

ಓಡಿಸುವಾಗ ಕೆಂಪು ಆಯಿಲ್ ದೀಪ ಹೊತ್ತಿದರೆ, ಚಾರ್ಮಾಡಿ ಘಾಟಿಯ ತಿರುವೇ ಆಗಿರಲಿ, ಗಾಡಿಯನ್ನು ಬದಿಗೆ ತೆಗೆದು ಎಂಜಿನ್ ಆ ಕ್ಷಣವೇ ಆರಿಸಬೇಕು. ಇನ್ನೊಂದು ಕಿಲೋಮೀಟರ್ ಎಂದು ಎಳೆದರೆ ಬೇರಿಂಗ್ ಹೋಗುತ್ತದೆ. ಬರೀ ಬೆವರಿದಂತೆ ಜಿಡ್ಡಾಗಿ, ಹನಿ ಬೀಳದೆ, ಕಡ್ಡಿಯೂ ಇಳಿಯದಿದ್ದರೆ ಮುಂದಿನ ಸರ್ವಿಸ್ ತನಕ ಕಾಯಬಹುದು.

ನೆಲಕ್ಕೆ ಬಿದ್ದ ಆಯಿಲ್ ಮೇಲೆ ಸಾಮಿಲ್ಲಿನ ಮರದ ಹುಡಿ ಹಾಕಿ ರಾತ್ರಿ ಬಿಟ್ಟು ಗುಡಿಸಿ. ಆ ಹುಡಿಯೂ ಹಳೆ ಆಯಿಲೂ ತೋಡಿಗೆ ಹೋಗಬಾರದು. ತೂತು ತೂತಾದ ಮುರಕಲ್ಲಿನ ನೆಲದಲ್ಲಿ ಅದು ಬಾವಿಗೆ ಇಳಿಯಲು ದಾರಿ ಸುಲಭ. ಹಳೆ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ರಿಪೇರಿಗೆ ಬಿಡುವಾಗ ರಟ್ಟಿನ ನಕ್ಷೆ, ಪೌಡರ್ ಮೇಲಿನ ಗೆರೆಯ ಫೋಟೋ ತೋರಿಸಿ, ತೆಗೆದ ಹಳೆ ಸೀಲನ್ನು ಕೇಳಿ ಪಡೆಯಿರಿ. ಕೆಲಸ ಮುಗಿದ ಮೇಲೂ ಗಾರ್ಡಿನಲ್ಲಿ, ಸಂದುಗೊಂದಿನಲ್ಲಿ ಉಳಿದ ಆಯಿಲ್ ಎರಡು ಮೂರು ದಿನ ಬೀಳುತ್ತಲೇ ಇರುತ್ತದೆ. ಅದಕ್ಕಾಗಿ ಜಗಳಕ್ಕೆ ಹೋಗಬೇಡಿ. ಗಾರ್ಡ್ ಒರೆಸಿ, 100 ಕಿ.ಮೀ. ಓಡಿಸಿ, ಮತ್ತೆ ಒಂದು ರಾತ್ರಿ ಹೊಸ ರಟ್ಟು ಹಾಸಿ.